ನಿದ್ದೆ ಬಾರದ ಗಾಡಿ

ಅವನಿಗೆ ಪಾದರಸ ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಯಾರೇ ಇಟ್ಟಿರಲಿ, ಅವರ ಬಾಯಿಗೆ ಸಕ್ಕರೆ ಬೀಳಲಿ. ನಿಂತಲ್ಲಿ ನಿಲ್ಲುವುದು, ಕೂತಲ್ಲಿ ಕೂರುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ. ಅವನ ಮದುವೆಯ ಫೋಟೋದಲ್ಲಿ ಎರಡೂ ಮನೆಯವರ ಮುಖ ಸ್ಪಷ್ಟವಾಗಿದೆ, ಮದುಮಗನ ಮುಖ ಮಾತ್ರ ಕಲೆಸಿಹೋಗಿದೆ. ಫೋಟೋಗ್ರಾಫರ್ ಮೂರು ಸಲ ತೆಗೆದು ಕೈಮುಗಿದನಂತೆ. ಹೆಂಡತಿ ಅದನ್ನು ಗೋಡೆಗೆ ಹಾಕಿ, ಬಂದವರಿಗೆಲ್ಲ "ಇವರು ನಮ್ಮ ಯಜಮಾನರು, ಆ ಕಡೆಯಿಂದ ಈ ಕಡೆ ಹೋಗ್ತಾ ಇದ್ದಾರೆ" ಅಂತ ತೋರಿಸುತ್ತಿದ್ದಳು.

ಕೆಲಸ ಗಾಡಿಗಳ ವೈರಿಂಗ್. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಟೈರ್ ಅಂಗಡಿಗೂ ಗಾಜು ಕೂರಿಸುವವನ ಅಂಗಡಿಗೂ ನಡುವೆ, ಒಂದೇ ಒಂದು ಕಾರು ಹಿಡಿಸುವಷ್ಟು ಜಾಗ. ಹಳೆಯ ಕಾಲದ ಗಾಡಿಗಳು ಅವನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದವು. ಬಲ್ಬ್ ಹೋಗಿದೆಯೇ, ವೈರ್ ಸುಟ್ಟಿದೆಯೇ, ಇಲಿ ಕಡಿದಿದೆಯೇ, ಕೈ ಹಾಕಿ ಎಳೆದು ನೋಡು, ಟೇಪ್ ಸುತ್ತು, ಹಾರ್ನ್ ಹೊಡಿ, ಮುಂದಿನವನನ್ನು ಕರಿ. ಈಗಿನ ಗಾಡಿಗಳು ಬೇರೆ ಜಾತಿ. ಬಾಗಿಲಿಗೊಂದು, ರೇಡಿಯೋಗೊಂದು, ಬ್ರೇಕಿಗೊಂದು ಅಂತ ಚಿಕ್ಕ ಚಿಕ್ಕ ಪೆಟ್ಟಿಗೆಗಳು. ಒಂದಕ್ಕೊಂದು ಹೆಣೆದ ಎರಡು ತಂತಿಗಳ ಮೇಲೆ ಅವು ಸದಾ ಮಾತಾಡಿಕೊಂಡಿರುತ್ತವೆ. ಗಾಡಿ ಲಾಕ್ ಮಾಡಿದ ತಕ್ಷಣ ಬಾಯಿ ಮುಚ್ಚುವುದಿಲ್ಲ. ಮಕ್ಕಳನ್ನು ಮಲಗಿಸಿದಂತೆಯೇ ಅದು. ಒಬ್ಬ ನೀರು ಕೇಳುತ್ತಾನೆ, ಇನ್ನೊಬ್ಬಳು ಕಥೆ ಕೇಳುತ್ತಾಳೆ, ಕೊನೆಗೆ ಒಂದೊಂದಾಗಿ ಕಣ್ಣು ಮುಚ್ಚುತ್ತವೆ. ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಹಿಡಿಯುತ್ತದೆ. ಯಾವುದೋ ಒಂದು ಮಲಗದೆ ಉಳಿದು ಬ್ಯಾಟರಿ ಕುಡಿಯುತ್ತಿದೆ ಎನ್ನುವುದಾದರೆ, ಅದನ್ನು ಹಿಡಿಯುವುದಕ್ಕೆ ಉಳಿದವೆಲ್ಲ ಮಲಗುವ ತನಕ ಕಾಯಬೇಕು. ಕಾಯುವುದೇ ಕೆಲಸ. ಪಾದರಸನಿಗೆ ಇದು ಶಿಕ್ಷೆ.

ಬೇರೆ ಯಾರದ್ದಾದರೂ ಆಗಿದ್ದರೆ ಅವನು ಇಂಥ ಗಾಡಿಗೆ ಕೈಮುಗಿದು ಕಳಿಸುತ್ತಿದ್ದ. ಆದರೆ ಈ ಬಿಳಿ ಗಾಡಿ ಅಕ್ಕ ಓಡಿಸುವ ಗಾಡಿ.

ಅಕ್ಕ ಅವನಿಗಿಂತ ಹತ್ತು ವರ್ಷ ದೊಡ್ಡವಳು. ಅಮ್ಮ ದುಡಿಯಲು ಹೋಗುತ್ತಿದ್ದುದರಿಂದ ಅವನನ್ನು ಎತ್ತಿ ಆಡಿಸಿದವಳು, ಶಾಲೆಗೆ ಎಳೆದುಕೊಂಡು ಹೋದವಳು, ಮೇಷ್ಟರು ಹೊರಗೆ ಕಳಿಸಿದಾಗ ಮತ್ತೆ ಒಳಗೆ ಕೂರಿಸಿದವಳು ಅವಳೇ. ಈಗ ಆರೋಗ್ಯ ಕೇಂದ್ರದಲ್ಲಿ ಸೂಲಗಿತ್ತಿ. ಮನೆಮನೆಗೆ ಹೋಗಿ ಬಸುರಿಯರನ್ನು ನೋಡುವುದು, ಮನೆಯಲ್ಲೇ ಹೆರುತ್ತೇನೆ ಎನ್ನುವವರಿಗೆ ಹೆರಿಗೆ ಮಾಡಿಸುವುದು ಅವಳ ಕೆಲಸ. ಅದಕ್ಕಾಗಿ ಕೇಂದ್ರದವರು ಗಾಡಿ ಕೊಟ್ಟಿದ್ದರು. ಆ ಗಾಡಿ ಎರಡು ತಿಂಗಳಿಂದ ಬೆಳಿಗ್ಗೆ ಬೆಳಿಗ್ಗೆ ಸತ್ತು ಬಿದ್ದಿರುತ್ತಿತ್ತು. ದಿನಾ ಅಲ್ಲ, ವಾರದಲ್ಲಿ ಒಂದು ಸಲ, ಎರಡು ಸಲ. ಅಂಥ ದಿನ ಅಕ್ಕ ಫೋನ್ ಮಾಡಿ ಗಾಡಿ ಕೆಟ್ಟಿದೆ ಎನ್ನುತ್ತಿದ್ದಳು. ಅವಳ ಬದಲು ಇನ್ನೊಬ್ಬ ಸೂಲಗಿತ್ತಿ ಓಡುತ್ತಿದ್ದಳು.

ಕೇಂದ್ರದ ಗಾಡಿಗಳನ್ನು ನೋಡಿಕೊಳ್ಳುವ ಗ್ಯಾರೇಜಿನವರು ಕಂಪ್ಯೂಟರ್ ಚುಚ್ಚಿ ನೋಡಿ, ಗಾಡಿ ಗುಂಡುಕಲ್ಲಿನ ಹಾಗಿದೆ ಎಂದುಬಿಟ್ಟರು. ಅಲ್ಲಿಂದ ಶುರುವಾಯಿತು ಗುಸುಗುಸು. ಕೇಂದ್ರದ ಕಾವಲುಗಾರ ತನ್ನ ಸ್ಕೂಟರಿನ ಹಾರ್ನ್ ರಿಪೇರಿಗೆ ಬಂದವನು, ಪಾದರಸ ಯಾರ ತಮ್ಮ ಎಂದು ತಿಳಿಯದೆ ಎಲ್ಲವನ್ನೂ ಹೇಳಿಬಿಟ್ಟ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾಡಿ ಸರಿಯಾಗೇ ಇದೆ ಸಾರ್. ಆಯಮ್ಮನಿಗೇ ಹೋಗೋಕೆ ಮನಸ್ಸಿಲ್ಲ."

ಪಾದರಸ ಅವನ ಹಾರ್ನ್ ಬಿಚ್ಚಿದ್ದವನು ಹಾಗೆಯೇ ಬಿಚ್ಚಿದ ಹಾರ್ನನ್ನು ಅವನ ಕೈಗಿಟ್ಟು ಕಳಿಸಿದ. ಸಿಟ್ಟಿನಿಂದ ಅವನ ಕಿವಿ ಕೆಂಪಾಗಿತ್ತು. ಇಷ್ಟು ವರ್ಷ ಮಳೆ ಗಾಳಿ ನೋಡದೆ, ಕರೆದ ಕೂಡಲೇ ತಟ್ಟೆ ಬಿಟ್ಟು ಎದ್ದು ಹೋಗಿದ್ದವಳ ಮೇಲೆ ಈ ಮಾತು. ಆ ಸಂಜೆಯೇ ಅಕ್ಕನ ಮನೆಗೆ ಹೋಗಿ, "ಗಾಡಿ ನನಗೆ ಕೊಡು. ಏನು ಕೆಟ್ಟಿದೆ ಅಂತ ನಾನು ಹೇಳ್ತೀನಿ" ಎಂದ. ಕೇಂದ್ರದ ಮೇಲ್ವಿಚಾರಕಿ, ಎಲ್ಲರೂ ದೊಡ್ಡ ಮೇಡಂ ಎನ್ನುವ ಹೆಂಗಸು, ಅದಕ್ಕೆ ಒಪ್ಪಿದರು. ಆದರೆ ಅಕ್ಕನಿಗೆ ಒಂದು ಮಾತು ಹೇಳಿದರು: ಸೋಮವಾರದೊಳಗೆ ನಿಮ್ಮ ತಮ್ಮ ನನಗೆ ಉತ್ತರ ಹೇಳಲಿ, ಗಾಡಿಯಲ್ಲಿ ತಪ್ಪಿಲ್ಲ ಅಂತಾದರೆ ನಾನು ನಿಮ್ಮನ್ನೇ ಬೇರೆ ಪ್ರಶ್ನೆ ಕೇಳಬೇಕಾಗುತ್ತದೆ.

ಅಲ್ಲಿಗೆ ಅಕ್ಕನ ಮಾತು ನಿಜವೋ ಸುಳ್ಳೋ ಎನ್ನುವುದು ತಮ್ಮನ ಕೈಯಲ್ಲಿ ಬಂದು ನಿಂತಿತು.

ಮೊದಲು ಬ್ಯಾಟರಿ ಬದಲಾಯಿಸಿದ. ಮೂರನೆಯ ಬೆಳಿಗ್ಗೆ ಗಾಡಿ ಮತ್ತೆ ಸತ್ತಿತ್ತು. ಅಂಗಡಿಗೆ ತಂದು, ಬಾನೆಟ್ ಎತ್ತಿ, ಬ್ಯಾಟರಿಯಿಂದ ಎಷ್ಟು ಕರೆಂಟ್ ಹೋಗುತ್ತಿದೆ ಎಂದು ತೋರಿಸುವ ಮೀಟರ್ ಹಾಕಿ, ಬಾಗಿಲು ಲಾಕ್ ಮಾಡಿ ಕಾದ. ಕಾದ ಎನ್ನುವುದು ಅವನ ಲೆಕ್ಕದಲ್ಲಿ. ಗಾಡಿಯ ಸುತ್ತ ಸುತ್ತಿದ, ಟೈರ್ ಅಂಗಡಿಯವನ ಹತ್ತಿರ ಎರಡು ಮಾತಾಡಿ ಬಂದ, ಮೀಟರ್ ನೋಡಿದ, ಬೀದಿ ತುದಿಯ ತನಕ ಹೋಗಿ ಬಂದ. ಮೀಟರಿನ ನಂಬರ್ ಇಳಿಯುವುದು, ಏರುವುದು, ಮತ್ತೆ ಇಳಿಯುವುದು. ಏನೋ ಒಂದು ಮಲಗುತ್ತಿಲ್ಲ ಎನ್ನುವುದು ಖಾತ್ರಿಯಾಯಿತು. ರೇಡಿಯೋ ಇರಬೇಕೆಂದು ಅದನ್ನು ಕಿತ್ತ. ಏರಿಳಿತ ನಿಲ್ಲಲಿಲ್ಲ. ಬಾಗಿಲಿನ ಲಾಕಿನ ಪೆಟ್ಟಿಗೆಯ ಮೇಲೆ ಅನುಮಾನ ಬಂದು ಅದನ್ನೂ ಬದಲಿಸಿದ. ಬುಧವಾರ ಸಂಜೆ, ತಾಳ್ಮೆ ಮುಗಿದು, ಮೀಟರ್ ಸುಮ್ಮನಿದ್ದ ಒಂದು ಕ್ಷಣ ನೋಡಿ, "ಆಯ್ತು ಅಕ್ಕ. ಇನ್ನು ಕೆಟ್ಟರೆ ನನ್ನ ಹೆಸರು ಬದಲಾಯಿಸು" ಎಂದು ಗಾಡಿ ಒಪ್ಪಿಸಿದ.

ಗುರುವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಗಾಡಿ ಸ್ಟಾರ್ಟ್ ಆಗುತ್ತಿಲ್ಲ.

ಆ ಗುರುವಾರದಿಂದ ಭಾನುವಾರದ ತನಕ, ಅಕ್ಕನಿಗೆ ಮುಖ ತೋರಿಸಲು ನಾಚಿಕೆಯಾಗಿ, ಪಾದರಸ ಮನೆಯಲ್ಲಿದ್ದದ್ದು ಇಲ್ಲದ ಹಾಗೆಯೇ. ಹಲ್ಲುಜ್ಜುತ್ತಾ ಅಂಗಳಕ್ಕೆ ಹೋಗುವನು, ಬ್ರಷ್ ಬಾಯಲ್ಲಿಟ್ಟುಕೊಂಡೇ ಬೀದಿಗೆ ಹೋಗುವನು. ಹೆಂಡತಿ ಉಪ್ಪು ಕೊಡಿ ಎಂದರೆ ಟೇಪ್ ಕೊಡುವನು. ಮಾತು ಕೊಟ್ಟಿದ್ದ, ಮಾತು ಹೋಯಿತು. ತನ್ನದು ಹೋದರೆ ಹಾಳಾಗಲಿ, ಅಕ್ಕನದೂ ಹೋಗುತ್ತದಲ್ಲ ಎನ್ನುವುದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಭಾನುವಾರ ಮಧ್ಯಾಹ್ನ ಊಟದ ತಟ್ಟೆ ಮುಂದೆ ಬಂದಾಗ ಎದ್ದೇಬಿಟ್ಟ.

"ಅಕ್ಕನ ಮನೆಗೇ ಹೋಗಿ ನೋಡ್ತೀನಿ. ಗಾಡಿ ಎಲ್ಲಿ ಸಾಯುತ್ತೋ ಅಲ್ಲೇ ನೋಡಬೇಕು."

"ಹೋಗಿ. ನೀವಿಲ್ಲಿದ್ರೆ ನಮಗೂ ಊಟ ಸೇರಲ್ಲ" ಎಂದಳು ಹೆಂಡತಿ.

ಅಕ್ಕ ಗಾಡಿ ನಿಲ್ಲಿಸುತ್ತಿದ್ದದ್ದು ಮನೆಯ ಹಿಂದಿನ ತಗ್ಗಿನಲ್ಲಿ. ಎರಡು ಕಡೆ ಎತ್ತರದ ಕಟ್ಟಡಗಳ ಗೋಡೆ, ಮೇಲೆ ತಗಡಿನ ಮಾಡು. ಅಡುಗೆಮನೆಯಿಂದ ಇಳಿದು ಬರಲು ನಾಲ್ಕಾರು ಮೆಟ್ಟಿಲು. ಪಾದರಸ ಬಂದವನೇ ಕೀ ಇಸಿದುಕೊಂಡು, ಬಾನೆಟ್ ಎತ್ತಿ, ಮೀಟರ್ ಕಟ್ಟಿ, ಗಾಡಿ ಲಾಕ್ ಮಾಡಿದ. ಅಕ್ಕ ಬೀನ್ಸಿನ ಬುಟ್ಟಿ ಹಿಡಿದು ಮೆಟ್ಟಿಲ ಮೇಲೆ ಕೂತಳು.

"ಎಷ್ಟು ಹೊತ್ತು ಹಿಡಿಯುತ್ತೆ?"

"ಅದು ಮಲಗೋ ತನಕ."

"ಸರಿ, ಕೂತಿರೋಣ. ನನಗೇನು ಹೊಸದಾ?" ಎಂದು ಅವಳು ಬೀನ್ಸಿನ ನಾರು ತೆಗೆಯತೊಡಗಿದಳು.

ಅವಳು ಕೂತಳು. ಇವನು ಗೇಟಿನ ತನಕ ಹೋದ, ಬಂದ. ಮೀಟರಿಗೆ ಬಗ್ಗಿದ, ಬೈದ, ಮತ್ತೆ ಗೇಟಿಗೆ ಹೋದ. ಕಲ್ಲೊಂದನ್ನು ಒದ್ದ. ಅದೇ ಕಥೆ: ನಂಬರ್ ಇಳಿಯಿತು, ಏರಿತು, ಇಳಿಯಿತು, ಏರಿತು. ಈ ಸಲ ಅನುಮಾನ ಬ್ರೇಕಿನ ಪೆಟ್ಟಿಗೆಯ ಮೇಲೆ ಹೋಗಿ, ಸ್ಪ್ಯಾನರ್ ಕೈಗೆ ಬರುವುದರಲ್ಲಿತ್ತು.

"ಒಂದು ಮಾತು ಹೇಳ್ಲಾ?" ಎಂದಳು ಅಕ್ಕ. "ನೀನು ಗೇಟಿನ ಹತ್ತಿರ ಹೋದಾಗ ನಂಬರ್ ಇಳಿಯುತ್ತೆ. ಈ ಕಡೆ ಬಂದಾಗ ಏರುತ್ತೆ."

"ಅಂದ್ರೆ ನನ್ನ ಮುಖ ನೋಡಿ ಎದ್ದು ಕೂರುತ್ತಾ?"

"ಮುಖ ನೋಡಿಯೋ ಏನು ನೋಡಿಯೋ. ನಾನು ಬ್ಯಾಗ್ ಹಿಡ್ಕೊಂಡು ಹತ್ತಿರ ಬಂದ್ರೆ ಬಾಗಿಲ ದೀಪ ತಾನಾಗೇ ಹತ್ತುತ್ತೆ, ಕೀ ಹೊರಗೆ ತೆಗೆಯೋದೇ ಬೇಡ. ಕೀ ಎಲ್ಲಿಟ್ಟಿದ್ದೀಯ?"

ಪಾದರಸ ಪ್ಯಾಂಟಿನ ಜೇಬು ಮುಟ್ಟಿಕೊಂಡ. ಕೀ ಅಲ್ಲಿತ್ತು. ಅಂಗಡಿಯಲ್ಲಿ ನೋಡಿದಾಗಲೂ ಅಲ್ಲೇ ಇತ್ತು.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ" ಎಂದಳು ಅಕ್ಕ, ಬೀನ್ಸಿನಿಂದ ಕಣ್ಣೆತ್ತದೆ.

ಇಂಥ ಗಾಡಿಯ ಕೀ ಹತ್ತಿರ ಬಂದರೆ ಸಾಕು, ಪೆಟ್ಟಿಗೆಗಳೆಲ್ಲ ಎದ್ದು ಕೂರುತ್ತವೆ ಎನ್ನುವುದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ಬೇರೆಯವರಿಗೆ ಹೇಳಿಕೊಟ್ಟವನೂ ಅವನೇ. ಆದರೆ ಬೇರೆ ಮೆಕ್ಯಾನಿಕ್ ಆಗಿದ್ದರೆ ಗಾಡಿ ಲಾಕ್ ಮಾಡಿ, ದೂರದಲ್ಲಿ ಒಂದು ಕುರ್ಚಿ ಹಾಕಿ ಕೂರುತ್ತಿದ್ದ. ಜೇಬಲ್ಲಿ ಕೀ ಇದ್ದರೂ ಏನೂ ಆಗುತ್ತಿರಲಿಲ್ಲ. ಹೋಗಿ ಬಂದು, ಹೋಗಿ ಬಂದು, ಪ್ರತಿ ಸಲವೂ ಮಲಗುತ್ತಿದ್ದ ಗಾಡಿಯನ್ನು ಎಬ್ಬಿಸಿದ್ದು ಈ ಮನುಷ್ಯನ ಕಾಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಹಾಗೆ, ಏನೂ ತಪ್ಪು ಮಾಡದ ರೇಡಿಯೋ, ಏನೂ ತಪ್ಪು ಮಾಡದ ಲಾಕಿನ ಪೆಟ್ಟಿಗೆ ಅಂಗಡಿಯ ಬೆಂಚಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದವು. ಅವನಿಗೆ ನಗು ಬರಲಿಲ್ಲ. ನಾಚಿಕೆಯಾಯಿತು.

ಅಕ್ಕ ಕೀ ಇಸಿದುಕೊಂಡು ಹೋಗಿ ಮನೆಯ ಮುಂದಿನ ಕೋಣೆಯಲ್ಲಿ ಇಟ್ಟು ಬಂದಳು. "ಈಗ ಕೂರು" ಎಂದಳು. ಅವನು ಕೂತ. ಮೊಣಕಾಲು ತಾನಾಗಿ ಕುಣಿಯತೊಡಗಿತು. ಅಕ್ಕ ಒಂದು ಕೈ ಅದರ ಮೇಲಿಟ್ಟು, ಇನ್ನೊಂದು ಕೈಯಿಂದ ಬೀನ್ಸ್ ಆರಿಸಿದಳು. ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅವನಿಗೆ ನೆನಪಿರಲಿಲ್ಲ. ಮೈಯೆಲ್ಲ ಇರುವೆ ಹರಿದಾಡಿದ ಹಾಗಾಯಿತು. ಮೀಟರಿನ ನಂಬರ್ ಮೆಲ್ಲಗೆ ಇಳಿಯಿತು, ಇನ್ನೂ ಇಳಿಯಿತು, ಇಷ್ಟೇ ಇಷ್ಟಾಗಿ ನಿಂತಿತು.

"ಮಲಗಿತು" ಎಂದು ಪಿಸುಗುಟ್ಟಿದ.

ಸ್ವಲ್ಪ ಹೊತ್ತಿಗೆ ನಂಬರ್ ತಾನಾಗಿ ಏರಿತು. ಯಾರೂ ಹತ್ತಿರ ಹೋಗಿರಲಿಲ್ಲ. ಒಂದಷ್ಟು ಹೊತ್ತು ಮೇಲೆಯೇ ಇದ್ದು ಇಳಿಯಿತು. ಆಮೇಲೆ ಮತ್ತೆ ಏರಿತು. ಅಕ್ಕ ಬೀನ್ಸ್ ಬಿಟ್ಟು ಕೈಗಡಿಯಾರ ನೋಡಲು ಶುರು ಮಾಡಿದ್ದಳು.

"ಹೆರಿಗೆ ನೋವು ಬಂದ ಹಾಗೆ ಬರ್ತಿದೆ. ನೋಡು, ಅಂತರ ಹೆಚ್ಚು ಕಡಿಮೆ ಒಂದೇ. ಏನೋ ಒಂದು ಒಳಗಡೆ ಪ್ರಯತ್ನ ಪಡ್ತಾ ಇದೆ."

ಪಾದರಸನ ತಲೆಯೊಳಗೆ ದೀಪ ಹತ್ತಿತು. ಹೊತ್ತು ಹೊತ್ತಿಗೆ ಎದ್ದು ಪ್ರಯತ್ನ ಪಡುವ ಪೆಟ್ಟಿಗೆ ಗಾಡಿಯಲ್ಲಿ ಒಂದೇ ಒಂದು. ಸೀಟಿನ ಕೆಳಗಿನ ಕಮ್ಯುನಿಕೇಶನ್ ಮಾಡ್ಯೂಲ್, ಅಂಗಡಿ ಭಾಷೆಯಲ್ಲಿ ಮಾತಾಡೋ ಪೆಟ್ಟಿಗೆ. ಫೋನಿನ ಹಾಗೆ ಅದರೊಳಗೊಂದು ಸಿಮ್. ಗಾಡಿ ಎಲ್ಲಿದೆ ಎಂದು ಕೇಂದ್ರಕ್ಕೆ ತಿಳಿಸುವುದು, ಎಲ್ಲಾದರೂ ಗುದ್ದಿದರೆ ತಾನಾಗಿ ಸಹಾಯಕ್ಕೆ ಕರೆ ಮಾಡುವುದು ಅದರ ಕೆಲಸ. ತನ್ನ ಫೋನ್ ತೆಗೆದು ನೋಡಿದ. ಈ ತಗ್ಗಿನಲ್ಲಿ, ಈ ಗೋಡೆಗಳ ನಡುವೆ ಸಿಗ್ನಲ್ ಒಂದು ಗೆರೆ ಇತ್ತು, ಅದೂ ಬಂದು ಬಂದು ಹೋಗುತ್ತಿತ್ತು. ಸರಿಯಿರುವ ಪೆಟ್ಟಿಗೆ ಟವರ್ ಸಿಗದಿದ್ದರೆ ಒಂದೆರಡು ಸಲ ಹುಡುಕಿ ಸುಮ್ಮನೆ ಮಲಗುತ್ತದೆ. ಇದು ಕೆಟ್ಟಿತ್ತು. ಬಿಟ್ಟುಬಿಡುವುದೇ ಅದಕ್ಕೆ ಗೊತ್ತಿರಲಿಲ್ಲ. ಇಡೀ ರಾತ್ರಿ ಹುಡುಕಿ ಹುಡುಕಿ ಬ್ಯಾಟರಿ ಬರಿದು ಮಾಡುತ್ತಿತ್ತು. ಸಿಗ್ನಲ್ ಸಿಕ್ಕ ರಾತ್ರಿ ಗಾಡಿ ಬದುಕುತ್ತಿತ್ತು, ಸಿಗದ ರಾತ್ರಿ ಸಾಯುತ್ತಿತ್ತು. ಗ್ಯಾರೇಜಿನಲ್ಲಿ ಸಿಗ್ನಲ್ ತುಂಬಿ ತುಳುಕುತ್ತಿದ್ದುದರಿಂದ ಅವರಿಗೆ ಏನೂ ಕಾಣಲಿಲ್ಲ.

ಎದ್ದುಹೋಗಿ ಬಾನೆಟ್ ಕೆಳಗಿನ ಡಬ್ಬಿಯಿಂದ ಅದರ ಫ್ಯೂಸ್ ಕಿತ್ತ. ನಂಬರ್ ಇಳಿದು ಇಳಿದಲ್ಲೇ ನಿಂತಿತು. ಅವನು ಕಾದ, ಈ ಸಲ ನಿಜವಾಗಿ ಕಾದ. ಏರಲಿಲ್ಲ. ಫ್ಯೂಸ್ ಮತ್ತೆ ಹಾಕಿದ; ಕೆಲವೇ ನಿಮಿಷದಲ್ಲಿ ಏರಿತು. ಕಿತ್ತ, ಇಳಿಯಿತು.

"ಅಕ್ಕ, ಕಳ್ಳ ಸಿಕ್ಕಿಬಿದ್ದ. ಈ ಪೆಟ್ಟಿಗೆ ಬದಲಾಯಿಸಿದ್ರೆ ಮುಗೀತು. ಅಲ್ಲಿವರೆಗೂ ಫ್ಯೂಸ್ ಕಿತ್ತಿಟ್ರೆ ಗಾಡಿ ಆರಾಮಾಗಿ ಓಡುತ್ತೆ, ನಾಳೆಯಿಂದಲೇ." ಅವನಿಗೆ ಕುಣಿಯಬೇಕೆನಿಸಿತು. "ಈಗಲೇ ನಿಮ್ಮ ಮೇಡಂಗೆ ಫೋನ್ ಮಾಡ್ತೀನಿ. ಆ ಕಾವಲುಗಾರನ ಹಾರ್ನ್ ಇದೆಯಲ್ಲ, ಅದನ್ನ ಜನ್ಮದಲ್ಲಿ ರಿಪೇರಿ ಮಾಡಲ್ಲ."

ಅಕ್ಕನ ಮುಖ ಅರಳಲಿಲ್ಲ. ಬುಟ್ಟಿಯನ್ನು ಪಕ್ಕಕ್ಕಿಟ್ಟು, "ಫೋನ್ ಆಮೇಲೆ ಮಾಡು" ಎಂದಳು.

"ಯಾಕೆ?"

"ಸ್ವಲ್ಪ ತಾಳು ಅಂದೆ."

ಅವಳು ತನ್ನ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಹೇಳಿದಳು. ಎರಡು ತಿಂಗಳ ಹಿಂದೆ ಒಂದು ಮನೆಗೆ ಹೋಗಿದ್ದಳು. ದಿನ ತುಂಬಿದ ಹೆಂಗಸು, ಎರಡನೆಯ ಹೆರಿಗೆ. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ತಲೆ ಕೆಳಗಿದೆ, ಏನೂ ಭಯವಿಲ್ಲ ಎಂದಿದ್ದಳು. ಹೆರಿಗೆ ಶುರುವಾದ ಮೇಲೆ ಕೆಳಗೆ ಬಂದದ್ದು ತಲೆಯಲ್ಲ, ಕುಂಡೆ. ಆಸ್ಪತ್ರೆಗೆ ಓಡಿಸಿದರು. ತಾಯಿ ಮಗು ಇಬ್ಬರೂ ಉಳಿದರು.

"ಉಳಿದ್ರಲ್ಲ ಮತ್ತೆ" ಎಂದ ಅವನು.

"ಉಳಿದದ್ದು ಅವರ ಅದೃಷ್ಟ. ನನ್ನ ಕೈ ಸುಳ್ಳು ಹೇಳಿತ್ತು. ಇಷ್ಟು ವರ್ಷದಲ್ಲಿ ನಾನು ಕಣ್ಣನ್ನ ನಂಬಿಲ್ಲ, ಮಾತನ್ನ ನಂಬಿಲ್ಲ, ಈ ಕೈಯನ್ನ ನಂಬಿದ್ದೆ. ಈಗ ಯಾರ ಹೊಟ್ಟೆ ಮೇಲೆ ಇಟ್ಟರೂ ಇದು ತಲೆಯೋ ಅಲ್ವೋ ಅಂತ ಗೊತ್ತಾಗಲ್ಲ. ಗೊತ್ತಾದ್ರೂ ನಂಬಿಕೆ ಬರಲ್ಲ. ಗಾಡಿ ಸ್ಟಾರ್ಟ್ ಆಗದ ದಿನ ನನಗೆ ಎಷ್ಟು ಹಾಯ್ ಅನಿಸ್ತಿತ್ತು ಗೊತ್ತಾ? ದಿನಾ ಬೆಳಿಗ್ಗೆ ಇವತ್ತೂ ಆಗದೇ ಇರಲಿ ಅಂತ ಬೇಡಿಕೊಂಡು ಮೆಟ್ಟಿಲಿಳೀತಿದ್ದೆ."

"ಹಾಗಂದುಕೊಂಡ್ರೆ ತಪ್ಪೇನಿದೆ? ಗಾಡಿ ಕೆಟ್ಟಿದ್ದು ನಿಜ ತಾನೆ?"

"ಗುರುವಾರ ಕೆಟ್ಟಿರಲಿಲ್ಲ."

ಅವನಿಗೆ ಅರ್ಥವಾಗಲಿಲ್ಲ.

"ಗುರುವಾರ ಸ್ಟಾರ್ಟ್ ಆಯ್ತು. ಒಂದೇ ಸಲಕ್ಕೆ. ನಾನೇ ಆಫ್ ಮಾಡಿದೆ. ಒಳಗೆ ಹೋಗಿ ಫೋನ್ ಮಾಡಿ, ಗಾಡಿ ಕೆಟ್ಟಿದೆ ಅಂದೆ. ಆಮೇಲೆ ನಿನಗೂ ಅದನ್ನೇ ಹೇಳಿದೆ."

ಪಾದರಸ ಎದ್ದು ಗೇಟಿನ ತನಕ ಹೋದ. ಈ ಸಲ ಎದೆಯಲ್ಲಿದ್ದದ್ದು ಚಡಪಡಿಕೆಯಲ್ಲ, ಕೋಪ. ಗುರುವಾರದಿಂದ ಅವನಿಗೆ ಅನ್ನ ಸೇರಿರಲಿಲ್ಲ. ತನ್ನ ಕೈಗೆ ಇನ್ನು ಕೆಲಸ ಬರುವುದಿಲ್ಲ, ಅಂಗಡಿ ಮುಚ್ಚಿ ಟೈರ್ ಉರುಳಿಸುವುದೇ ಗತಿ ಎಂದುಕೊಂಡಿದ್ದ. ಊರ ಬಾಯಿ ಮುಚ್ಚಿಸುತ್ತೇನೆಂದು ಹೊರಟವನ ಬೆನ್ನ ಹಿಂದೆ ಅಕ್ಕನೇ ಊರ ಮಾತನ್ನು ನಿಜ ಮಾಡಿದ್ದಳು. ತಿರುಗಿ ಬಂದು ಏನಾದರೂ ಕೆಟ್ಟದಾಗಿ ಅನ್ನಬೇಕೆಂದುಕೊಂಡ. ಅವಳು ಇನ್ನೂ ಕೈಗಳನ್ನೇ ನೋಡುತ್ತಾ ಕೂತಿದ್ದಳು. ಜಗತ್ತಿನಲ್ಲಿ ಯಾವುದಕ್ಕೂ ಹೆದರದವಳು ಎಂದು ಅವನು ತಿಳಿದಿದ್ದ ಒಬ್ಬಳೇ ಹೆಂಗಸು ಹೆದರಿದ್ದಳು. ಅವನಿಗೆ ಕೋಪಕ್ಕಿಂತ ಹೆಚ್ಚು ಭಯವಾಯಿತು.

"ಗುರುವಾರ ಹೆರಿಗೆಗೆ ಯಾರು ಹೋದ್ರು?" ಎಂದು ಕೇಳಿದ.

"ಇನ್ನೊಬ್ಬಳು ಹೋದಳು. ಎಲ್ಲ ಸುಸೂತ್ರವಾಯ್ತು."

"ಮತ್ತೇನು. ಯಾರಿಗೂ ಏನೂ ಆಗಿಲ್ಲ. ಗಾಡಿ ಕೆಟ್ಟಿದೆ, ಅದು ನಿಜ. ತಪ್ಪು ಸಿಕ್ಕಿದೆ, ಅದೂ ನಿಜ. ಆ ಒಂದು ದಿನದ ವಿಷಯ ನಿನಗೆ ಗೊತ್ತು, ನನಗೆ ಗೊತ್ತು. ಸಾಕು."

ಅಕ್ಕ ಬೇಡ ಎನ್ನುವ ಮೊದಲೇ ಮುಗಿಸಿಬಿಡಬೇಕೆಂದು ಅವನು ಸಿಗ್ನಲ್ ಹುಡುಕಿಕೊಂಡು ಮೆಟ್ಟಿಲ ಮೇಲ್ಗಡೆ ಹೋಗಿ ದೊಡ್ಡ ಮೇಡಂಗೆ ಫೋನ್ ಮಾಡಿದ. ಅಕ್ಕ ಅವನ ಹಿಂದೆಯೇ ಹತ್ತಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಪೆಟ್ಟಿಗೆ, ಟವರ್, ತಗ್ಗು, ಫ್ಯೂಸ್ ಎಲ್ಲವನ್ನೂ ಅವನು ಒಂದೇ ಉಸಿರಿಗೆ ಹೇಳಿದ.

"ಅಂದ್ರೆ ಅಷ್ಟೂ ದಿನ ತಪ್ಪು ಗಾಡಿಯದ್ದೇ?" ಎಂದರು ಮೇಡಂ.

"ಅಷ್ಟೂ ದಿನ ಮೇಡಂ."

"ಸದ್ಯ." ಆ ಕಡೆ ದೊಡ್ಡ ಉಸಿರು ಕೇಳಿಸಿತು. "ಇಲ್ಲಿ ಜನ ಏನೇನೋ ಮಾತಾಡಿದ್ರು. ನಾನೂ ಒಂದು ಕ್ಷಣ ನಂಬಿಬಿಟ್ಟಿದ್ದೆ. ನಿಮ್ಮ ಅಕ್ಕನ ಹತ್ತಿರ ಕ್ಷಮೆ ಕೇಳಬೇಕು. ಅಲ್ಲೇ ಇದ್ದಾರಾ? ನಾಳೆ ಒಂದು ಹೊಸ ಬಸುರಿಯನ್ನ ನೋಡೋದಿದೆ, ಅವರೇ ಹೋಗ್ಲಿ. ಗಾಡಿ ಸಿಗುತ್ತಲ್ಲ?"

"ಸಿಗುತ್ತೆ ಮೇಡಂ. ಅಕ್ಕ ಸ್ವಲ್ಪ ಆಚೆ ಹೋಗಿದ್ದಾಳೆ, ಬಂದ ಮೇಲೆ ನಾನೇ..."

ಅಕ್ಕ ಕೈ ಚಾಚಿದಳು. ಅವನು ಬೇಡ ಎಂದು ತಲೆಯಾಡಿಸಿ ಹಿಂದೆ ಸರಿದ. ಅವಳು ಚಾಚಿದ ಕೈಯನ್ನು ಕೆಳಗಿಳಿಸಲಿಲ್ಲ. ಚಿಕ್ಕಂದಿನಿಂದಲೂ ಆ ಕೈ ಕೇಳಿದ್ದನ್ನು ಕೊಡದೆ ಇದ್ದು ಅವನಿಗೆ ಅಭ್ಯಾಸವಿರಲಿಲ್ಲ. ಕೊಟ್ಟ.

"ನಾನು ಮೇಡಂ," ಎಂದಳು ಅಕ್ಕ. "ಅವನು ಹೇಳಿದ್ದೆಲ್ಲ ನಿಜ. ಗುರುವಾರ ಒಂದು ದಿನ ಬಿಟ್ಟು. ಅವತ್ತು ಗಾಡಿ ಸರಿಯಾಗಿತ್ತು."

ಆ ಕಡೆಯಿಂದ ಬಂದ ಪ್ರಶ್ನೆ ಅವನಿಗೆ ಕೇಳಿಸಲಿಲ್ಲ. ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ಉತ್ತರ ಹೇಳಿದಳು, ಇನ್ನೊಂದು ಪ್ರಶ್ನೆಗೆ ಇನ್ನೊಂದು ಉತ್ತರ ಹೇಳಿದಳು. ಪಾದರಸ ಅಲ್ಲಾಡದೆ ನಿಂತು ಅವಳ ಮುಖವನ್ನೇ ನೋಡುತ್ತಿದ್ದ.